ಶಾಲೆಗೆ ಆ್ಯಪ್ ಮಾರಲು ಕಂಪನಿಯವರು ಬಂದಿದ್ದಾರಾ? ಸಹಿ ಹಾಕುವ ಮೊದಲು ಇಷ್ಟು ಮಾಡಿ

ಫೆಬ್ರವರಿ, ಮಾರ್ಚ್ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಶಾಲೆಗಳಿಗೆ ಕಂಪನಿಯವರ ಓಡಾಟ ಜಾಸ್ತಿಯಾಗುತ್ತದೆ. ಒಬ್ಬರು ಸ್ಮಾರ್ಟ್ ಬೋರ್ಡ್ ಅನ್ನುತ್ತಾರೆ, ಇನ್ನೊಬ್ಬರು ಫೀಸು-ಹಾಜರಿಯ ಸಾಫ್ಟ್‌ವೇರ್ ಅನ್ನುತ್ತಾರೆ, ಮತ್ತೊಬ್ಬರು ಪಠ್ಯಪುಸ್ತಕದ ಜೊತೆ ಆ್ಯಪ್ ಫ್ರೀ ಅನ್ನುತ್ತಾರೆ, ಕೋಡಿಂಗ್ ಮತ್ತು ರೋಬೋಟಿಕ್ಸ್ ಲ್ಯಾಬ್ ಹಾಕಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಎಲ್ಲರಿಗೂ ಜೂನ್‌ಗೆ ಮೊದಲು ಸಹಿ ಬೇಕು.

ಇದನ್ನು ಬರೆಯುತ್ತಿರುವುದು ಸಣ್ಣ ಅನುದಾನಿತ ಮತ್ತು ಖಾಸಗಿ ಶಾಲೆಗಳ ಹೆಡ್‌ಮಾಸ್ಟರ್, ಸಂಚಾಲಕರು, ಟೀಚರುಗಳಿಗಾಗಿ. ಹೆತ್ತವರಿಗೆ ಬೇಕಾದ್ದು ಕೊನೆಯಲ್ಲಿದೆ. ನಾನು ಒತ್ತಿ ಹೇಳುವುದು ಒಂದೇ. ದಿನಾ ಬಳಸಬೇಕಾದ ಟೀಚರ್ ಕೈಯಲ್ಲಿ, ನಿಮ್ಮದೇ ತರಗತಿಯಲ್ಲಿ, ನಿಮ್ಮ ಊರಿನ ಕರೆಂಟು ಮತ್ತು ನೆಟ್‌ವರ್ಕಿನಲ್ಲಿ ಅದು ಓಡಿ ತೋರಿಸುವ ತನಕ ದೊಡ್ಡ ದುಡ್ಡು ಕೊಡಬೇಡಿ.

ಹಂತ 1: ಕಂಪನಿಯವರನ್ನು ಕರೆಯುವ ಮೊದಲು ತೊಂದರೆ ಏನೆಂದು ಬರೆಯಿರಿ

ಸ್ಟಾಫ್ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಕೇಳಿ: "ನಿಮ್ಮ ಸಮಯ ಎಲ್ಲಿ ಜಾಸ್ತಿ ಹೋಗುತ್ತದೆ? ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ?" ಬರುವ ಉತ್ತರವನ್ನು ಟೀಚರುಗಳ ಮಾತಿನಲ್ಲೇ ಬರೆದಿಡಿ. "ಏಳನೇ ಕ್ಲಾಸಿನ ಅರ್ಧ ಮಕ್ಕಳಿಗೆ ಭಿನ್ನರಾಶಿ ಬರುವುದಿಲ್ಲ" ಎನ್ನುವುದು ಒಂದು ತೊಂದರೆ. "ಒಂದೇ ಅಂಕವನ್ನು ನಮ್ಮ ರಿಜಿಸ್ಟರಿಗೆ, ಪ್ರಗತಿ ಪತ್ರಕ್ಕೆ, ಮತ್ತೆ ಸರ್ಕಾರದ ವಿದ್ಯಾರ್ಥಿ ದಾಖಲೆಯ ತಾಣ ಎಸ್‌ಎಟಿಎಸ್‌ಗೆ ಹಾಕಿ ಸಾಕಾಗುತ್ತದೆ" ಎನ್ನುವುದು ಪೂರ್ತಿ ಬೇರೆ ತೊಂದರೆ. ಮೊದಲನೆಯದಕ್ಕೆ ಅಭ್ಯಾಸದ ಆ್ಯಪ್ ಬೇಕಾಗಬಹುದು, ಎರಡನೆಯದಕ್ಕೆ ಕಚೇರಿ ಸಾಫ್ಟ್‌ವೇರ್. ಎರಡೂ ಒಂದರಲ್ಲೇ ಇದೆ ಎಂದು ಹೇಳಿ ಮಾರುವವರು ಬಂದರೆ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಸಾಮಾನ್ಯವಾಗಿ ಒಂದು ಚೆನ್ನಾಗಿರುತ್ತದೆ, ಇನ್ನೊಂದು ಸುಮ್ನೆ ಸೇರಿಸಿದ್ದಾಗಿರುತ್ತದೆ.

"ಪಕ್ಕದ ಶಾಲೆಯಲ್ಲಿ ಉಂಟು, ನಮ್ಮಲ್ಲೂ ಬೇಕು" ಅನ್ನುವುದು ತೊಂದರೆಯ ಪಟ್ಟಿಗೆ ಬರುವುದಿಲ್ಲ. ದಾಖಲಾತಿ ಕಡಿಮೆಯಾಗುವ ಭಯ ನಿಜವೇ, ಕನ್ನಡ ಮಾಧ್ಯಮ ಶಾಲೆಗಳಿಗಂತೂ ಆ ಭಯ ದೊಡ್ಡದು. ಆದರೆ ಗೋಡೆಯಲ್ಲಿ ಬೋರ್ಡ್ ಇದ್ದು ಅದನ್ನು ಯಾರೂ ಹಚ್ಚದಿದ್ದರೆ ಮಕ್ಕಳೇ ಮನೆಯಲ್ಲಿ ಹೇಳುತ್ತಾರೆ.

ಹಂತ 2: ಫ್ರೀ ಸಿಗುವುದನ್ನು ಮೊದಲು ನೋಡಿ

ಕೇಂದ್ರ ಸರ್ಕಾರದ ಫ್ರೀ ಕಲಿಕಾ ತಾಣ ದೀಕ್ಷಾ 2017ರಿಂದ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಪ್ರಶ್ನೆಗಳು ತೆರೆಯುತ್ತವೆ. ವಿಜ್ಞಾನ ಮತ್ತು ಗಣಿತಕ್ಕೆ ಫೆಟ್ ಎನ್ನುವ ಸಿಮ್ಯುಲೇಶನ್‌ಗಳಿವೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದದ್ದು. ಹಲವು ಕನ್ನಡದಲ್ಲೂ ಇವೆ, ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆ ಓಡುತ್ತವೆ. ವಿದ್ಯುತ್ ಮಂಡಲ, ಬೆಳಕಿನ ವಕ್ರೀಭವನದಂಥ ಪಾಠಕ್ಕೆ ದುಡ್ಡು ಕೊಟ್ಟು ತರುವ ಎಷ್ಟೋ ಅನಿಮೇಶನ್‌ಗಿಂತ ಇದು ಮೇಲು ಎಂದು ನನ್ನ ಅಭಿಪ್ರಾಯ, ಯಾಕೆಂದರೆ ಇಲ್ಲಿ ಮಗು ಬರೀ ನೋಡುವುದಿಲ್ಲ, ತಾನೇ ತಂತಿ ಜೋಡಿಸಿ ಬಲ್ಬು ಉರಿಸಬೇಕು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ನಮ್ಮ ಪಠ್ಯಕ್ಕೆ ಹೊಂದುವ ಸಾಮಗ್ರಿ ಕನ್ನಡದಲ್ಲೇ ಸಿಗುತ್ತದೆ. ನೆಟ್ ಕಡಿಮೆ ಇರುವ ಕಡೆಗೆಂದೇ ಮಾಡಿದ ಕೊಲಿಬ್ರಿ ಎನ್ನುವ ಫ್ರೀ ಕಲಿಕಾ ಸಾಫ್ಟ್‌ವೇರ್ ಇದೆ, ಒಂದು ಹಳೆ ಕಂಪ್ಯೂಟರಿನಲ್ಲಿ ತುಂಬಿಟ್ಟರೆ ಶಾಲೆಯೊಳಗಿನ ವೈಫೈಯಲ್ಲೇ ಮಕ್ಕಳು ನೋಡಬಹುದು.

ಇವನ್ನೆಲ್ಲ ಒಂದು ವಾರ ನೋಡಿ. ಆಮೇಲೆ ಕಂಪನಿಯವರು ಬಂದಾಗ ನೇರವಾಗಿ ಕೇಳಿ: "ಇದರಲ್ಲಿ ಇಲ್ಲದ್ದು ನಿಮ್ಮಲ್ಲಿ ಎಂತ ಉಂಟು?" ಒಳ್ಳೆಯ ಕಂಪನಿಗೆ ಈ ಪ್ರಶ್ನೆಗೆ ಉತ್ತರ ಇರುತ್ತದೆ. ಮಗು ಎಲ್ಲಿ ತಪ್ಪುತ್ತಿದೆ ಎಂದು ಪತ್ತೆ ಮಾಡಿ ಅಲ್ಲಿಂದ ಅಭ್ಯಾಸ ಕೊಡುವುದು, ಟೀಚರ್‌ಗೆ ಶಾಲೆಗೇ ಬಂದು ತರಬೇತಿ ಕೊಡುವುದು, ಇವು ದುಡ್ಡು ಕೊಡಬಹುದಾದ ಕೆಲಸಗಳು. ಬರೀ ವಿಡಿಯೊ ಭಂಡಾರಕ್ಕೆ ಕೊಡಬೇಕಾಗಿಲ್ಲ.

ಹಂತ 3: ಡೆಮೊ ನಿಮ್ಮ ತರಗತಿಯಲ್ಲೇ ಆಗಲಿ

ಹೆಡ್‌ಮಾಸ್ಟರ್ ಕೋಣೆಯಲ್ಲಿ ಪ್ರತಿನಿಧಿ ತನ್ನದೇ ಲ್ಯಾಪ್‌ಟಾಪ್, ತನ್ನದೇ ಹಾಟ್‌ಸ್ಪಾಟ್‌ನಿಂದ ತೋರಿಸುವುದು ಡೆಮೊ ಅಲ್ಲ. ತರಗತಿಗೆ ಕರೆದುಕೊಂಡು ಹೋಗಿ. ಕಂಪ್ಯೂಟರ್ ಚೆನ್ನಾಗಿ ಬರುವ ಟೀಚರ್ ಬೇಡ, ಫೋನಿನಲ್ಲಿ ವಾಟ್ಸಾಪ್ ಮಾತ್ರ ನೋಡುವ ಟೀಚರ್ ಕೈಗೆ ಕೊಡಿ. ನಾಳೆ ಅವರು ಮಾಡಬೇಕಾದ ಪಾಠವನ್ನೇ ಅದರಲ್ಲಿ ಮಾಡಲಿ. ಪ್ರತಿನಿಧಿ ಹಿಂದಿನ ಬೆಂಚಿನಲ್ಲಿ ಕೂರಲಿ, ಬಾಯಿ ಹಾಕದೆ. ಲಾಗಿನ್ ಆಗಿ ಪಾಠ ತೆರೆಯುವಷ್ಟರಲ್ಲಿ ಪಿರಿಯಡ್‌ನ ಕಾಲು ಭಾಗ ಹೋಯಿತು ಎಂದರೆ ಜುಲೈಯಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ ಎಂದು ಬರೆದಿಟ್ಟುಕೊಳ್ಳಿ.

ಇನ್ನು ಕನ್ನಡ. "ಕನ್ನಡ ಉಂಟು" ಅನ್ನುತ್ತಾರೆ, ತೆರೆದು ನೋಡಿದರೆ ಮೆನು ಮಾತ್ರ ಕನ್ನಡ, ವಿಡಿಯೊ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಹಾಗಾಗಿ ನಿಮ್ಮ ತರಗತಿಯ ಮೂರು ಪಾಠಗಳನ್ನು ನೀವೇ ಆರಿಸಿ ತೆರೆಯಿಸಿ. ರಾಜ್ಯ ಪಠ್ಯದ ಪದಗಳೇ ಇವೆಯಾ ನೋಡಿ. ಪುಸ್ತಕದಲ್ಲಿ "ದ್ಯುತಿಸಂಶ್ಲೇಷಣೆ" ಇದ್ದು ಆ್ಯಪ್‌ನಲ್ಲಿ ಯಂತ್ರ ಅನುವಾದದ ಬೇರೇನೋ ಪದ ಬಂದರೆ ಮಗು ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು ಹೇಳಿ? ನಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಅವರಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ. ಪದ ಗೊಂದಲವಾದರೆ ಮೊದಲು ಹಿಂದೆ ಬೀಳುವುದು ಅವರೇ.

ಕಚೇರಿ ಸಾಫ್ಟ್‌ವೇರ್ ಆದರೆ ಹೆಸರುಗಳನ್ನು ಹಾಕಿಸಿ ನೋಡಿ. ಡಿಸೋಜ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಆದ ಮೇಲೆ ಮೇಲೊಂದು ಗುರುತು ಬರುತ್ತದಲ್ಲ, ಕೆಲವು ಸಾಫ್ಟ್‌ವೇರ್‌ಗಳು ಅದನ್ನು ಕಂಡರೆ ಎರರ್ ಕೊಡುತ್ತವೆ. ಮಂಗಳೂರಿನ ಶಾಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಒಂದೇ ಪದದ ಹೆಸರಿರುವ, ಸರ್‌ನೇಮ್ ಇಲ್ಲದೆ ಇನಿಶಿಯಲ್ ಮಾತ್ರ ಇರುವ ಮಕ್ಕಳದ್ದೂ ಹಾಕಿಸಿ. ಕನ್ನಡದಲ್ಲಿ "ಶ್ರೀಕೃಷ್ಣ", "ಐಶ್ವರ್ಯ" ಟೈಪ್ ಮಾಡಿ ಪ್ರಿಂಟ್ ತೆಗೆಸಿ. ಪರದೆಯಲ್ಲಿ ಸರಿ ಇದ್ದು ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆಯುವುದು ಸಾಮಾನ್ಯ. ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಲು ಬರುವ ಯೂನಿಕೋಡ್‌ನಲ್ಲಿ ಇರಲೇಬೇಕು. ಹಳೆಯ ಫಾಂಟ್‌ಗಳಲ್ಲಿ ತುಂಬಿಸಿಟ್ಟ ಮಾಹಿತಿ ಬೇರೆ ಕಡೆ ಕಾಪಿ ಮಾಡಿದ ಕೂಡಲೇ ಗೊಂಚಲು ಗೊಂಚಲು ಚಿಹ್ನೆ ಆಗಿಬಿಡುತ್ತದೆ.

ಎಸ್‌ಎಟಿಎಸ್, ಶಾಲೆಗಳ ಅಂಕಿಅಂಶ ತುಂಬಿಸುವ ಕೇಂದ್ರದ ಯುಡೈಸ್ ಪ್ಲಸ್ ಕೆಲಸ ಹೇಗೂ ತಪ್ಪುವುದಿಲ್ಲ. ಅವುಗಳಿಗೆ ಬೇಕಾದ ಮಾಹಿತಿಯನ್ನು ಬೇಕಾದ ಕ್ರಮದಲ್ಲೇ ಎಕ್ಸೆಲ್ ಪಟ್ಟಿಯಾಗಿ ತೆಗೆದುಕೊಡುತ್ತದಾ ಕೇಳಿ. ಕೊಡುವುದಿಲ್ಲ ಎಂದಾದರೆ ಟೀಚರ್‌ಗೆ ಕೆಲಸ ಕಡಿಮೆಯಾಗಲಿಲ್ಲ, ಇನ್ನೊಂದು ಜಾಗದಲ್ಲಿ ತುಂಬಿಸುವ ಕೆಲಸ ಜಾಸ್ತಿಯಾಯಿತು.

ಹಂತ 4: ಮಳೆ, ಸಿಡಿಲು, ಉಪ್ಪುಗಾಳಿ

ಬೆಂಗಳೂರಿನಲ್ಲಿ ಕೂತು ಮಾಡಿದ ಯೋಜನೆಗಳಲ್ಲಿ ಈ ಹಂತವೇ ಇರುವುದಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಶಾಲೆ ಶುರುವಾದ ಮೊದಲ ಮೂರು ತಿಂಗಳಲ್ಲೇ. ಮರ ಬಿದ್ದು ಕರೆಂಟ್ ಹೋದರೆ ಬೆಳ್ತಂಗಡಿ, ಹೆಬ್ರಿ, ಬೈಂದೂರಿನ ಒಳಭಾಗದಲ್ಲಿ ಯಾವಾಗ ಬರುತ್ತದೆ ಹೇಳಲಾಗದು, ಟವರ್‌ನ ಬ್ಯಾಟರಿ ಮುಗಿದರೆ ನೆಟ್ಟೂ ಇಲ್ಲ. ಹಾಗಾಗಿ ಡೆಮೊದ ನಡುವೆ ಮೊಬೈಲ್ ಡೇಟಾ ಆಫ್ ಮಾಡಿಸಿ. ಪಾಠ ಮುಂದುವರಿಯುತ್ತದಾ? ಹಾಕಿದ ಹಾಜರಿ ಉಳಿದು ನೆಟ್ ಬಂದಾಗ ತಾನೇ ಹೋಗುತ್ತದಾ, ಅಥವಾ ಅಳಿಸಿಹೋಗುತ್ತದಾ?

ಸಿಡಿಲಿನ ಕಾಟ ಜಾಸ್ತಿ ಇರುವುದು ಏಪ್ರಿಲ್-ಮೇಯಲ್ಲಿ ಮತ್ತು ಅಕ್ಟೋಬರ್-ನವೆಂಬರಿನಲ್ಲಿ. ಬೇಸಗೆ ರಜೆಯಲ್ಲಿ ಶಾಲೆಗೆ ಬೀಗ ಹಾಕಿರುತ್ತದೆ, ಪ್ಲಗ್ ಮಾತ್ರ ಹಾಗೇ ಇರುತ್ತದೆ. ರಜೆಗೆ ಮೊದಲು ಬೋರ್ಡಿನ ಪ್ಲಗ್, ನೆಟ್ ಕೇಬಲ್ ಎರಡನ್ನೂ ತೆಗೆಯುವ ಕೆಲಸ ಒಬ್ಬರ ಹೆಸರಿಗೆ ಬರೆಯಿರಿ. ಅರ್ಥಿಂಗ್ ಸರಿ ಇದೆಯಾ ಎಂದು ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಆಮೇಲೆಯೇ ಬೋರ್ಡ್ ಗೋಡೆಗೆ ಹಾಕಿಸಿ. ವಾರಂಟಿ ಕಾಗದದಲ್ಲಿ ಸಿಡಿಲು, ವೋಲ್ಟೇಜ್ ಏರಿಳಿತಕ್ಕೆ ಏನು ಬರೆದಿದ್ದಾರೆ ಓದಿ. ತುಂಬ ಕಂಪನಿಗಳು ಅದನ್ನು ಹೊರಗಿಟ್ಟಿರುತ್ತವೆ. ಹಾಗಿದ್ದರೆ ಶಾಲೆಯ ವಿಮೆಯಲ್ಲಿ ಸೇರಿಸಬಹುದಾ ಕೇಳಿ. ಉಳ್ಳಾಲ, ಮಲ್ಪೆ, ಪಡುಬಿದ್ರಿಯಂತೆ ಕಡಲಿಗೆ ಹತ್ತಿರದ ಶಾಲೆಗಳಲ್ಲಿ ಉಪ್ಪುಗಾಳಿಗೆ ಪೋರ್ಟು, ಕನೆಕ್ಟರುಗಳು ಬೇಗ ತುಕ್ಕು ಹಿಡಿಯುತ್ತವೆ. ರಿಪೇರಿಗೆ ಜನ ಮಂಗಳೂರಿನಿಂದಲೇ ಬರುತ್ತಾರಾ, ಬೆಂಗಳೂರಿನಿಂದ ಬರಬೇಕಾ ಎನ್ನುವುದು ಆಗ ಬಹಳ ದೊಡ್ಡ ಪ್ರಶ್ನೆ ಆಗುತ್ತದೆ.

ಜಿಲ್ಲಾಧಿಕಾರಿ ಮಳೆ ರಜೆ ಘೋಷಿಸಿದ ದಿನ ಆನ್‌ಲೈನ್ ಪಾಠ ಮಾಡಬಹುದು ಎಂದು ಮಾರುವವರೂ ಇದ್ದಾರೆ. ಮನೆಯಲ್ಲಿ ಕರೆಂಟಿಲ್ಲದ ಮಗುವನ್ನು ನೆನಪಿಟ್ಟುಕೊಂಡು ನಿರ್ಧಾರ ಮಾಡಿ.

ಮುಂಬೈ, ದುಬೈಯಲ್ಲಿರುವ ಹಳೆ ವಿದ್ಯಾರ್ಥಿಗಳು ಪ್ರೀತಿಯಿಂದ ಬೋರ್ಡ್ ಕೊಡಿಸುವುದು ನಮ್ಮ ಕಡೆ ಇದೆ. ತುಂಬ ಒಳ್ಳೆಯ ವಿಷಯ ಅದು. ಅವರ ಹತ್ತಿರ ಒಂದು ಮಾತು ಹೇಳಿ: ಎರಡು ಬೋರ್ಡ್ ಬದಲು ಒಂದೇ ಸಾಕು, ಉಳಿದ ದುಡ್ಡು ಯುಪಿಎಸ್, ಅರ್ಥಿಂಗ್ ಮತ್ತು ಮೂರು ವರ್ಷದ ನಿರ್ವಹಣೆಗೆ ಇರಲಿ.

ಹಂತ 5: "ನಮ್ಮಿಂದ ರಿಸಲ್ಟ್ ಬಂತು" ಎನ್ನುವ ಮಾತನ್ನು ತೂಗಿ ನೋಡಿ

ನಮ್ಮ ಜಿಲ್ಲೆಗಳಲ್ಲಿ ಈ ಮಾತನ್ನು ಸುಲಭವಾಗಿ ಹೇಳಬಹುದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ 94 ಶೇಕಡಾ ಪಡೆದು ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ 91.12 ಶೇಕಡಾದೊಂದಿಗೆ ಮೊದಲು, ಉಡುಪಿ ಎರಡನೆಯದು. ಆ್ಯಪ್ ಇದ್ದ ಶಾಲೆಗೂ ಇಲ್ಲದ ಶಾಲೆಗೂ ಇಲ್ಲಿ ಒಳ್ಳೆಯ ಫಲಿತಾಂಶ ಬರುತ್ತದೆ. ಆದ್ದರಿಂದ "ನಮ್ಮ ಆ್ಯಪ್ ಬಳಸಿದ ಶಾಲೆಗೆ ನೂರು ಶೇಕಡಾ" ಎನ್ನುವ ಪೋಸ್ಟರ್‌ನಿಂದ ಆ್ಯಪ್ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ನೀವು ಕೇಳಬೇಕಾದದ್ದು ಬೇರೆ. ಅದೇ ಶಾಲೆಗೆ ಆ್ಯಪ್ ಬರುವ ಮೊದಲು ಎಷ್ಟಿತ್ತು? ಪಾಸಾಗುವ ಗಡಿಯಲ್ಲಿದ್ದ ಮಕ್ಕಳು ಎಷ್ಟು ಮೇಲೆ ಬಂದರು? ಎಷ್ಟು ಟೀಚರು ಎರಡನೇ ವರ್ಷವೂ ಬಳಸುತ್ತಿದ್ದಾರೆ? ಕಂಪನಿ ಕೊಟ್ಟ ಪಟ್ಟಿಯ ಶಾಲೆಗಳಿಗೆ ಮಾತ್ರ ಫೋನ್ ಮಾಡಬೇಡಿ. ಕಳೆದ ವರ್ಷ ಬಿಟ್ಟುಹೋದ ಎರಡು ಶಾಲೆಗಳ ಹೆಸರು ಕೇಳಿ, ಅಲ್ಲಿನ ಟೀಚರ್ ಹತ್ತಿರ ಮಾತಾಡಿ. ಹೆಡ್‌ಮಾಸ್ಟರ್ ಹೇಳುವುದಕ್ಕೂ ಕ್ಲಾಸ್ ಟೀಚರ್ ಹೇಳುವುದಕ್ಕೂ ವ್ಯತ್ಯಾಸ ಇರುತ್ತದೆ.

ಹಂತ 6: ಪೂರ್ತಿ ಲೆಕ್ಕ ಹಾಕಿ

"ಮಗುವಿಗೆ ತಿಂಗಳಿಗೆ ಇಷ್ಟೇ" ಎನ್ನುವ ಸಂಖ್ಯೆಯನ್ನು ಬಿಡಿ. ಮೂರು ವರ್ಷಕ್ಕೆ ಒಟ್ಟು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಸಾಫ್ಟ್‌ವೇರ್ ಸೇವೆಗೆ 18 ಶೇಕಡಾ ಜಿಎಸ್‌ಟಿ ಸೇರುತ್ತದೆ. ಶಾಲೆ ಮಾಡುವ ಪಾಠಕ್ಕೆ ಜಿಎಸ್‌ಟಿ ಇಲ್ಲವಾದ್ದರಿಂದ ಕಟ್ಟಿದ ಆ ತೆರಿಗೆಯನ್ನು ವಾಪಸ್ ಪಡೆಯಲೂ ಆಗುವುದಿಲ್ಲ. ಎಸ್ಸೆಮ್ಮೆಸ್ ಕಳಿಸಲು ಬೇರೆ ದುಡ್ಡಾ? ತರಬೇತಿಗೆ? ಎರಡನೇ ವರ್ಷದ ದರ ಎಷ್ಟು ಏರಬಹುದು, ಅದಕ್ಕೆ ಮಿತಿ ಇದೆಯಾ? ಮೊದಲ ವರ್ಷ ಫ್ರೀ ಎಂದರೆ ಎರಡನೇ ವರ್ಷದ ದರವನ್ನು ಈಗಲೇ ಬರೆಸಿಕೊಳ್ಳಿ.

ಈ ಖರ್ಚನ್ನು ಹೆತ್ತವರ ಮೇಲೆ ಹಾಕುವುದಾದರೆ ಸಭೆ ಕರೆದು ಹೇಳಿ. ಫೀಸಿನೊಳಗೆ ಸದ್ದಿಲ್ಲದೆ ಸೇರಿಸಬೇಡಿ.

ಹಂತ 7: ಮಕ್ಕಳ ಮಾಹಿತಿ

ಇದನ್ನು ತುಂಬ ಶಾಲೆಗಳು ಹಾರಿಸಿಬಿಡುತ್ತವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. 18 ವರ್ಷದ ಒಳಗಿನವರೆಲ್ಲ ಇದರಲ್ಲಿ ಮಕ್ಕಳು. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಮಕ್ಕಳಿಗೆ ಗುರಿಯಿಟ್ಟು ಜಾಹೀರಾತು ತೋರಿಸುವ ಹಾಗಿಲ್ಲ. ಮಕ್ಕಳ ವಿಷಯದ ನಿಯಮ ಮುರಿದರೆ ದಂಡ 200 ಕೋಟಿ ರೂಪಾಯಿ ತನಕ ಹೋಗಬಹುದು. ಶಾಲೆಗೆ ಕಲಿಕೆ ಮತ್ತು ಸುರಕ್ಷತೆಯ ಕೆಲಸಕ್ಕೆ ಕೆಲವು ರಿಯಾಯಿತಿ ಇದೆ. ಅದನ್ನು ತೋರಿಸಿ ಕಂಪನಿಯವರು ನಿಮ್ಮ ಮಕ್ಕಳ ಫೋನ್ ನಂಬರ್‌ಗಳನ್ನು ತಮ್ಮ ಕೋಚಿಂಗ್ ಮಾರಲು ಬಳಸುವಂತಿಲ್ಲ.

ಸರ್ಕಾರದ್ದು, ಫ್ರೀ ಇರುವುದು ಎಂದ ಮಾತ್ರಕ್ಕೂ ಸುಮ್ಮನಿರಬೇಡಿ. 2022ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ ಕಲಿಕಾ ಆ್ಯಪ್‌ಗಳನ್ನು ಪರಿಶೀಲಿಸಿತು. ಹತ್ತರಲ್ಲಿ ಸುಮಾರು ಒಂಬತ್ತು ಆ್ಯಪ್‌ಗಳ ಮಾಹಿತಿ ನಿರ್ವಹಣೆ ಮಕ್ಕಳ ಹಕ್ಕಿಗೆ ಅಪಾಯಕಾರಿ ಎಂದು ಅದು ಹೇಳಿತು, ದೀಕ್ಷಾವೂ ಅದರ ಪಟ್ಟಿಯಲ್ಲಿತ್ತು. 2024ರ ಡಿಸೆಂಬರಿನಲ್ಲಿ ಶಾಲೆಗಳಿಗೆ ಸಾಫ್ಟ್‌ವೇರ್ ಕೊಡುವ ಅಮೆರಿಕದ ಪವರ್‌ಸ್ಕೂಲ್ ಕಂಪನಿಯಿಂದ ಮಕ್ಕಳು ಮತ್ತು ಶಿಕ್ಷಕರ ಮಾಹಿತಿ ಕಳುವಾದದ್ದು ಕದ್ದ ಲಾಗಿನ್ ಮೂಲಕ.

ಮಾಡಬೇಕಾದದ್ದು ಕಷ್ಟದ್ದಲ್ಲ. ಆಧಾರ್ ನಂಬರ್, ಜಾತಿ, ಹೆತ್ತವರ ಆದಾಯ ಕಲಿಕಾ ಆ್ಯಪ್‌ಗೆ ಯಾಕೆ ಬೇಕು? ಕೊಡಬೇಡಿ. ಸಾಧ್ಯವಾದರೆ ಹೆಸರಿನ ಬದಲು ರೋಲ್ ನಂಬರ್ ಹಾಕಿ. ಮಗುವಿನ ಫೋನಿನಲ್ಲಿ ಆ್ಯಪ್ ಹಾಕಿದಾಗ ಲೊಕೇಶನ್, ಕಾಂಟ್ಯಾಕ್ಟ್ಸ್, ಮೈಕ್ ಅನುಮತಿ ಕೇಳುತ್ತದಾ ನೋಡಿ. ಅಡ್ಮಿನ್ ಲಾಗಿನ್‌ಗೆ ಒಟಿಪಿ ಇರಲಿ. ಇಡೀ ಸ್ಟಾಫ್‌ಗೆ ಒಂದೇ ಪಾಸ್‌ವರ್ಡ್ ಬೇಡ, ಶಾಲೆ ಬಿಟ್ಟು ಹೋದವರ ಲಾಗಿನ್ ಅದೇ ದಿನ ಮುಚ್ಚಿ.

ಹಂತ 8: ಒಪ್ಪಂದದಲ್ಲಿ ಹೊರಗೆ ಬರುವ ದಾರಿ ಇರಲಿ

2011ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಲಿಕಾ ಆ್ಯಪ್ ಕಂಪನಿ ಬೈಜೂಸ್ 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆಯ ಕಂಪನಿ ಎನಿಸಿಕೊಂಡಿತ್ತು. 2024ರ ಜುಲೈಯಲ್ಲಿ ಅದರ ಮೇಲೆ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಯಿತು. ಅಷ್ಟು ದೊಡ್ಡದಕ್ಕೇ ಹೀಗಾದರೆ ಮೂರು ವರ್ಷದ ದುಡ್ಡನ್ನು ಮುಂಗಡ ಕೊಡುವುದರಲ್ಲಿ ಅರ್ಥ ಇಲ್ಲ, ಅಲ್ವಾ? ಒಂದು ವರ್ಷಕ್ಕೆ ಮಾತ್ರ ಸಹಿ ಹಾಕಿ. ಅದನ್ನೂ ಕಂತಿನಲ್ಲಿ ಕೊಡಿ: ಸ್ವಲ್ಪ ಶುರುವಿಗೆ, ಸ್ವಲ್ಪ ಟೀಚರ್ ತರಬೇತಿ ಮುಗಿದ ಮೇಲೆ, ಉಳಿದದ್ದು ದಸರಾ ರಜೆ ಕಳೆದ ಮೇಲೆ.

ಈ ಮಾತುಗಳು ಒಪ್ಪಂದದ ಕಾಗದದಲ್ಲೇ ಇರಬೇಕು, ಪ್ರತಿನಿಧಿಯ ವಾಟ್ಸಾಪಿನಲ್ಲಿ ಇದ್ದರೆ ಸಾಲದು:

- ನಮ್ಮ ಮಾಹಿತಿ ನಮ್ಮದು; ಕೇಳಿದಾಗ ಎಕ್ಸೆಲ್ ರೂಪದಲ್ಲಿ ಹೆಚ್ಚುವರಿ ದುಡ್ಡಿಲ್ಲದೆ ಕೊಡಬೇಕು, ಬಿಟ್ಟ ಮೇಲೆ ಅವರಲ್ಲಿರುವುದನ್ನು ಅಳಿಸಿ ಪತ್ರ ಕೊಡಬೇಕು.
- ತೊಂದರೆ ಹೇಳಿದರೆ ಎಷ್ಟು ಗಂಟೆಯಲ್ಲಿ ಉತ್ತರ, ಎಷ್ಟು ದಿನದಲ್ಲಿ ರಿಪೇರಿ, ಆಗದಿದ್ದರೆ ಎಷ್ಟು ಕಡಿತ.
- ಕಂಪನಿ ಮಾರಾಟವಾದರೆ ಅಥವಾ ಮುಚ್ಚಿದರೆ ನಮ್ಮ ಸ್ಮಾರ್ಟ್ ಬೋರ್ಡಿನ ಪಾಠಗಳು ತೆರೆಯುತ್ತವಾ.
- ನವೀಕರಣ ತಾನಾಗಿಯೇ ಆಗಬಾರದು, ಶಾಲೆ ಬರೆದು ಕೊಟ್ಟರೆ ಮಾತ್ರ.

ವರ್ಷದ ನಡುವೆ ಒಮ್ಮೆಯಾದರೂ ಆ ಎಕ್ಸೆಲ್ ಪಟ್ಟಿಯನ್ನು ನಿಜವಾಗಿಯೂ ಇಳಿಸಿ ತೆರೆದು ನೋಡಿ, ಶಾಲೆಯ ಕಂಪ್ಯೂಟರಿನಲ್ಲಿ ಇಡಿ.

ಹಂತ 9: ಒಂದು ತರಗತಿಯಲ್ಲಿ ಶುರು ಮಾಡಿ

ಎ ವಿಭಾಗ, ಬಿ ವಿಭಾಗ ಇದ್ದರೆ ಒಂದರಲ್ಲಿ ಮಾತ್ರ ಶುರು ಮಾಡಿ. ಒಂದೇ ಪಾಠ, ಒಂದೇ ಕಿರುಪರೀಕ್ಷೆ, ಮೊದಲೊಮ್ಮೆ ಮತ್ತು ಆಮೇಲೊಮ್ಮೆ. ಸಂಖ್ಯೆ ಸಣ್ಣದು, ಅದರಿಂದ ಎಲ್ಲವೂ ಗೊತ್ತಾಗುವುದಿಲ್ಲ, ಆದರೆ ಪೋಸ್ಟರ್‌ಗಿಂತ ನಂಬಬಹುದು. ಟೀಚರ್ ಹತ್ತಿರ ಒಂದು ನೋಟ್‌ಬುಕ್ ಇರಲಿ, ಯಾವತ್ತು ಬಳಸಿದರು, ಎಲ್ಲಿ ನಿಂತಿತು ಅಂತ ಎರಡು ಸಾಲು. ಅವರು ಬೇಡ ಎಂದರೆ ಬೇಡವೇ. ಆ ಮಾತಿಗೆ ಸಂಚಾಲಕರ ಮಾತಿನಷ್ಟೇ ತೂಕ ಕೊಡಿ.

ಹೆತ್ತವರಿಗೆ

ಮನೆಗೇ ಬಂದು ಕೋರ್ಸ್ ಮಾರುವವರಿದ್ದಾರೆ. "ಇವತ್ತು ಕಟ್ಟಿದರೆ ಮಾತ್ರ ಡಿಸ್ಕೌಂಟ್" ಎಂದರೆ ಇವತ್ತು ಕಟ್ಟಬೇಡಿ. "ಸುಲಭ ಕಂತು" ಎಂದು ಸಹಿ ಹಾಕಿಸಿಕೊಳ್ಳುವುದು ಎಷ್ಟೋ ಸಲ ನಿಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿ ಕೊಡುವ ಸಾಲ. ಮಗು ಕೋರ್ಸ್ ಬಿಟ್ಟರೂ ಸಾಲದ ಕಂತು ನಿಲ್ಲುವುದಿಲ್ಲ. ಇಂಥದ್ದು ಜಾಸ್ತಿಯಾಗಿಯೇ 2021ರ ಡಿಸೆಂಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ, ತಾನಾಗಿ ದುಡ್ಡು ಕಡಿತವಾಗುವ ವ್ಯವಸ್ಥೆಗೆ ಒಪ್ಪಬೇಡಿ, ಷರತ್ತು ಓದಿ ಎಂದು ಎಚ್ಚರಿಸಿತ್ತು. ಆಟೋಪೇ ಈಗಾಗಲೇ ಕೊಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲೇ ಅದನ್ನು ರದ್ದು ಮಾಡಬಹುದು. ಕಾರ್ಡಿನಿಂದ ಹೋಗುವುದಾದರೆ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕು, ಆಗಲೇ ನಿಲ್ಲಿಸಿ.

ದುಡ್ಡು ವಾಪಸ್ ಕೊಡದಿದ್ದರೆ ಮೊದಲು ಕಂಪನಿಗೆ ಈಮೇಲ್ ಬರೆಯಿರಿ, ಫೋನಿನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಮಂಗಳೂರಿನಲ್ಲಿ ಅಥವಾ ಉಡುಪಿಯಲ್ಲಿ. ನೀವು ಕಟ್ಟಿದ ಮೊತ್ತ 5 ಲಕ್ಷ ರೂಪಾಯಿ ತನಕ ಇದ್ದರೆ ದೂರಿಗೆ ಶುಲ್ಕ ಇಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಬಿಲ್ಲು, ಸಾಲದ ಕಾಗದ, ಪ್ರತಿನಿಧಿ ಕಳಿಸಿದ ಸಂದೇಶಗಳ ಸ್ಕ್ರೀನ್‌ಶಾಟ್, ದುಡ್ಡು ಹೋದ ಬ್ಯಾಂಕ್ ವಿವರ, ಈಮೇಲ್‌ನ ಪ್ರತಿ, ಇಷ್ಟನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ ಜೊತೆಗೆ ಇಡಿ.